ಕಂಕುಳಲ್ಲಿ ಹಿಡಿಯುವಷ್ಟು ಅಗಲ

ಗೆಳೆಯರೊಬ್ಬರ ಚಿತ್ರಪ್ರದರ್ಶನಕ್ಕೆ ನಾನೊಮ್ಮೆ ಎರಡು ಪುಟದ ಬರಹ ಬರೆದುಕೊಟ್ಟಿದ್ದೆ. ಅವರು ಬೈಂದೂರಿನ ಕಡೆಯವರು. ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ ಒಂದು ರೂಮು, ಒಂದು ಅಡಿಗೆಮನೆ. ಹಗಲು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ರಾತ್ರಿ ಚಿತ್ರ. ಅವರ ಚಿತ್ರಗಳೆಲ್ಲ ಒಂದೇ ಅಳತೆಯವು. ಐದಡಿ ಎತ್ತರ, ಎರಡಡಿಗೆ ಒಂದು ಬೆರಳು ಕಡಿಮೆ ಅಗಲ. ಬಾಗಿಲ ಸಂದಿಯಿಂದ ಇಣುಕಿದ ಹಾಗೆ ಕಾಣುತ್ತಿದ್ದವು. ಮೆಟ್ಟಿಲು, ಕಿಟಕಿ, ಒಣಹಾಕಿದ ಸೀರೆ, ನೀರಿನ ಪೈಪು, ಪೈಪಿನ ಮೇಲೊಂದು ಕಾಗೆ. ಎಲ್ಲವೂ ಆ ಸಪೂರ ಜಾಗದಲ್ಲಿ ಒಂದರ ತಲೆಯ ಮೇಲೊಂದು ನಿಂತಿರುತ್ತಿದ್ದವು.

ನಾನು ಏನು ಬರೆದೆ ಗೊತ್ತಾ? ಸಮುದ್ರ ಸುತ್ತುವರಿದ ಮುಂಬಯಿ ಅಗಲಕ್ಕೆ ಬೆಳೆಯಲಾರದೆ ಮೇಲಕ್ಕೆ ಬೆಳೆಯಿತು, ಈ ಚಿತ್ರಗಳ ಎತ್ತರ ಆ ಊರಿನ ಎತ್ತರ, ಇಲ್ಲಿಗೆ ವಲಸೆ ಬಂದವನು ಜಗತ್ತನ್ನು ಹೀಗೆ ಲಂಬವಾಗಿಯೇ ಕಾಣುತ್ತಾನೆ, ಇತ್ಯಾದಿ. ಅದನ್ನು ಬರೆದು ಮುಗಿಸಿದ ರಾತ್ರಿ ನನಗೆ ನನ್ನ ಮೇಲೆಯೇ ಪ್ರೀತಿ ಬಂದಿತ್ತು.

ಉದ್ಘಾಟನೆಯ ಸಂಜೆ ಅವರು ಅದನ್ನು ನಿಂತಲ್ಲೇ ಓದಿದರು. ಪೂರ್ತಿ ಓದಿದರು. ಆಮೇಲೆ, "ಎಂತ ಮಾರಾಯ್ರೆ, ಇಷ್ಟೆಲ್ಲ ಉಂಟಾ ಇದರೊಳಗೆ?" ಎಂದರು. ಗೋಡೆಯಲ್ಲಿ ಜಾಗ ಸಾಲದೆ ಒಂದು ಚಿತ್ರ ಮೂಲೆಯಲ್ಲಿ ಉಳಿದಿತ್ತು. ಅದನ್ನು ಎತ್ತಿ, ಅಡ್ಡಕ್ಕೆ ತಿರುಗಿಸಿ, ಕಂಕುಳಲ್ಲಿ ಇಟ್ಟುಕೊಂಡರು. ಕೈ ಕೆಳಗೆ ಬಿಟ್ಟರು. ಬೆರಳುಗಳು ಕೆಳಗಿನ ಅಂಚನ್ನು ಅಳೆದಿಟ್ಟ ಹಾಗೆ ಹಿಡಿದವು.

"ಇಷ್ಟೇ. ಇದಕ್ಕಿಂತ ಅಗಲ ಆದ್ರೆ ಕೈಗೆ ಸಿಗುವುದಿಲ್ಲ. ಲಗೇಜ್ ಡಬ್ಬದಲ್ಲಿ ತರಬೇಕಲ್ಲ."

ಮುಂಬಯಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಲ್ಲಿನ ಲೋಕಲ್ ರೈಲಿನಲ್ಲಿ ಸಾಮಾನಿನವರಿಗೆ ಅಂತಲೇ ಬೇರೆ ಡಬ್ಬ ಇರುತ್ತದೆ. ಊಟದ ಡಬ್ಬಾವಾಲಾಗಳು, ಮೀನಿನ ಬುಟ್ಟಿಯ ಹೆಂಗಸರು, ಬಟ್ಟೆಯ ಗಂಟು ಹೊತ್ತವರು ಹತ್ತುವುದು ಅದಕ್ಕೇ. ಡೊಂಬಿವಲಿಯಿಂದ ಕೊನೆಯ ಸ್ಟೇಷನ್ ಸಿಎಸ್‌ಎಂಟಿಗೆ ಒಂದು ಗಂಟೆಯ ಮೇಲಾಗುತ್ತದೆ. ಅಲ್ಲಿ ಕ್ಯಾನ್ವಾಸನ್ನು ನೆಟ್ಟಗೆ ನಿಲ್ಲಿಸಿದರೆ ಒಬ್ಬ ಮನುಷ್ಯನ ಜಾಗ ಸಾಕು. ಯಾರೂ ಬೈಯುವುದಿಲ್ಲ. ಅಗಲವಾಗಿದ್ದರೆ ಇಬ್ಬರ ಜಾಗ, ಎರಡು ಪಾಲು ಬೈಗುಳ. ಎರಡು ಚಿತ್ರಗಳನ್ನು ಮುಖಕ್ಕೆ ಮುಖ ಕಟ್ಟಿ, ಹಳೆ ಚಾದರ ಸುತ್ತಿ, ಹೀಗೆ ಏಳು ಸಲ ಓಡಾಡಿ ಹದಿನಾಲ್ಕು ಚಿತ್ರ ಸಾಗಿಸಿದ್ದರು.

ನಾನೂ ಇಪ್ಪತ್ತು ವರ್ಷ ಅದೇ ಲೈನಿನಲ್ಲಿ ಬ್ಯಾಂಕಿಗೆ ಓಡಾಡಿದವಳು. ಮುಂಬಯಿ ಮೇಲಕ್ಕೆ ಬೆಳೆದದ್ದು ನನಗೆ ಕಂಡಿತು. ಪಕ್ಕದ ಡಬ್ಬ ಕಾಣಲಿಲ್ಲ.

ಅಂದಿನಿಂದ ಚಿತ್ರಗಳ ಬಗ್ಗೆ ಬರೆದದ್ದನ್ನು ಓದುವಾಗ ಒಂದು ಚಟ ಅಂಟಿಕೊಂಡಿದೆ. ಬರೆದವರು ಹಿನ್ನೆಲೆ ಅಂತ ಯಾವುದನ್ನು ತರುತ್ತಾರೆ, ಯಾವುದನ್ನು ಬಿಡುತ್ತಾರೆ ಅಂತ ನೋಡುವುದು. ಮುಂಬಯಿಯಲ್ಲಿ ನನಗೆ ಎರಡು ಥರದ ಬರಹ ಸಿಗುತ್ತದೆ. ಒಂದು ನಮ್ಮ ಕನ್ನಡದ ವರದಿ. ದೀಪ ಬೆಳಗಿಸಿದವರು ಯಾರು, ಶಾಲು ಹೊದಿಸಿದವರು ಯಾರು, ಕಲಾವಿದರ ಹುಟ್ಟೂರು ಯಾವುದು, ಎಷ್ಟು ಪ್ರಶಸ್ತಿ ಬಂದಿದೆ, ಅಧ್ಯಕ್ಷರು ಏನು ಹಾರೈಸಿದರು. ಚಿತ್ರದಲ್ಲಿ ಹಸಿರು ಇತ್ತೋ ಕೆಂಪು ಇತ್ತೋ ಅದರಲ್ಲಿ ಸಿಗುವುದಿಲ್ಲ. ಇನ್ನೊಂದು ಗ್ಯಾಲರಿಯ ಗೋಡೆಗೆ ಅಂಟಿಸುವ ಇಂಗ್ಲಿಷ್ ಬರಹ. ಅಸ್ಮಿತೆ, ವಲಸೆ, ಜಾಗತೀಕರಣ, ನೆನಪಿನ ರಾಜಕಾರಣ. ಅದರಲ್ಲೂ ಹಸಿರು ಕೆಂಪು ಇರುವುದಿಲ್ಲ. ಒಂದು ಜಾತಕ, ಇನ್ನೊಂದು ಮಂತ್ರ. ಜಾತಕವನ್ನು ಯಾರ ಚಿತ್ರಕ್ಕೂ ಅಂಟಿಸಬಹುದು, ಮಂತ್ರವನ್ನೂ ಅಷ್ಟೇ.

ಹಾಗಂತ ಹಿನ್ನೆಲೆಯೇ ಬೇಡ, ಸುಮ್ನೆ ಚಿತ್ರ ನೋಡಿ ಸಾಕು ಅನ್ನುವವರ ಜೊತೆಗೂ ನನಗೆ ಜಗಳ ಇದೆ. ನಮ್ಮ ಕರಾವಳಿಯವರಿಗೆ ಯಕ್ಷಗಾನದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಹಿಮ್ಮೇಳ ಇಲ್ಲದೆ ಆಟ ಇಲ್ಲ. ಆದರೆ ಚಂಡೆ ಜಾಸ್ತಿಯಾದರೆ ವೇಷಧಾರಿಯ ಮಾತು ಕೇಳಿಸುವುದಿಲ್ಲ. ಹಿಮ್ಮೇಳ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಗೊತ್ತಾಗುವುದು ವೇಷದ ಹೆಜ್ಜೆಯಿಂದಲೇ.

ಚಿತ್ರಗಾರ ಕೆ.ಕೆ. ಹೆಬ್ಬಾರರನ್ನೇ ತೆಗೆದುಕೊಳ್ಳಿ. ಮುಂಬಯಿ ಕನ್ನಡಿಗರ ಬಾಯಲ್ಲಿ ಅವರು "ನಮ್ಮ ಹೆಬ್ಬಾರ್". 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದರು. ಮುಂಬಯಿಗೆ ಬಂದು ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತರು, ಅಲ್ಲೇ ಕಲಿಸಿದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. 1996ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಇಷ್ಟು ನಮಗೆಲ್ಲ ಬಾಯಿಪಾಠ. ಇದನ್ನು ತಿಳಿದು ಅವರ ಒಂದು ರೇಖಾಚಿತ್ರದ ಮುಂದೆ ನಿಂತರೆ ನಮ್ಮ ಎದೆ ಉಬ್ಬುತ್ತದೆ. ಕಣ್ಣಿಗೆ ಹೊಸದಾಗಿ ಏನೂ ಕಾಣುವುದಿಲ್ಲ.

ಅದೇ ಹೆಬ್ಬಾರರು ಲಯ ಅಂದರೆ ಏನು ಅಂತ ತಿಳಿಯಲು ಪಂಡಿತ್ ಸುಂದರ್ ಪ್ರಸಾದ್ ಅವರ ಹತ್ತಿರ ಕಥಕ್ ಕಲಿತಿದ್ದರು ಅಂತ ಗೊತ್ತಾದಾಗ ನನಗೆ ಬೇರೆಯೇ ಆಯಿತು. ನರ್ತಕಿಯರನ್ನು ಚಿತ್ರಿಸುವವರು ಬೇಕಾದಷ್ಟು ಜನ ಇದ್ದಾರೆ. ಕಾಲಿಗೆ ಗೆಜ್ಜೆ ಕಟ್ಟಿಕೊಂಡು ನಿಂತು ನೋಡಿದವರು ಎಷ್ಟು ಜನ? ಅದು ತಿಳಿದ ಮೇಲೆ ಅವರ ಗೆರೆ ನೋಡಿದೆ. ಒಂದು ಭುಜದಿಂದ ಹೊರಟ ಗೆರೆ ಸೊಂಟದ ಹತ್ತಿರ ಬರುವಾಗ ಸ್ವಲ್ಪ ದಪ್ಪಗಾಗುತ್ತದೆ. ಮೈಯ ಭಾರ ಅಲ್ಲಿ ಇಳಿದಿದೆ. ಹಿಮ್ಮಡಿಯ ಹತ್ತಿರ ಗೆರೆ ಗಕ್ಕನೆ ನಿಲ್ಲುತ್ತದೆ. ಅಲ್ಲಿ ತಾಳದ ಪೆಟ್ಟು ಬಿದ್ದಿದೆ. ಇದು ನನ್ನ ಕಲ್ಪನೆ ಅನ್ನುತ್ತೀರಾ? ಇರಬಹುದು. ಆದರೆ ಪದ್ಮಭೂಷಣದ ಸುದ್ದಿ ನನ್ನನ್ನು ಆ ಹಿಮ್ಮಡಿಯವರೆಗೆ ಕರೆದುಕೊಂಡು ಹೋಗಿರಲಿಲ್ಲ. ಕಥಕ್ಕಿನ ಸುದ್ದಿ ಕರೆದುಕೊಂಡು ಹೋಯಿತು.

ಹೆಬ್ಬಾರರದೇ ಇನ್ನೊಂದು ವಿಷಯ ನಾವು ಹೇಳುವುದು ಕಡಿಮೆ. ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ ಶುರುವಾದದ್ದು 1952ರಲ್ಲಿ. ದುಡ್ಡು ಕೊಟ್ಟವರು ಸರ್ ಕಾವಸ್‌ಜಿ ಜಹಾಂಗೀರ್. ಅದು ಬೇಕೇ ಬೇಕು ಅಂತ ಅವರ ಬೆನ್ನು ಬಿದ್ದವರು ಇಬ್ಬರು, ಹೋಮಿ ಭಾಭಾ ಮತ್ತು ಹೆಬ್ಬಾರ್. ಅಣುವಿಜ್ಞಾನಿ ಒಬ್ಬರು, ಕಟ್ಟಿಂಗೇರಿಯವರು ಒಬ್ಬರು. ಅಲ್ಲಿಯವರೆಗೆ ಊರಿನ ಚಿತ್ರಗಾರರಿಗೆ ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನ, ಅಲ್ಲಿ ಇಲ್ಲಿ ಸಿಕ್ಕ ಸಭಾಂಗಣ, ಅಷ್ಟೇ. ಜಹಾಂಗೀರ್ ಗ್ಯಾಲರಿಯಲ್ಲಿ ಬಾಡಿಗೆ ಕಟ್ಟಿ ವಾರಕ್ಕೆ ಗೋಡೆ ಪಡೆಯಬಹುದು. ಮಂಗಳವಾರ ಶುರು, ಸೋಮವಾರ ಮುಕ್ತಾಯ. ಸರದಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಕಾಯಲು ಆಗದವರು ಹೊರಗಿನ ಫುಟ್‌ಪಾತಿನ ಆರ್ಟ್ ಪ್ಲಾಜಾದಲ್ಲಿ ಚಿತ್ರ ತೂಗುಹಾಕುತ್ತಾರೆ. ಒಳಗೂ ಹೊರಗೂ ನಡುವೆ ಇರುವುದು ಕೆಲವೇ ಮೆಟ್ಟಿಲು. ಈ ಮೆಟ್ಟಿಲುಗಳ ಬಗ್ಗೆ ಯಾವ ಗೋಡೆಬರಹವೂ ಮಾತಾಡುವುದಿಲ್ಲ.

(ಕಾಲಾ ಘೋಡಾ ಅಂದರೆ ಕಪ್ಪು ಕುದುರೆ. ಇಲ್ಲೊಂದು ಕುದುರೆಯ ಪ್ರತಿಮೆ ಇತ್ತು. ಅದರ ಮೇಲೆ ಕೂತಿದ್ದ ಬ್ರಿಟಿಷ್ ದೊರೆ ಏಳನೇ ಎಡ್ವರ್ಡನ ಸಮೇತ ಕುದುರೆಯನ್ನು 1965ರಲ್ಲಿ ಎತ್ತಿ ಬೈಕುಲಾದ ಪ್ರಾಣಿಸಂಗ್ರಹಾಲಯಕ್ಕೆ ಸಾಗಿಸಿದರು. ಹೆಸರು ಮಾತ್ರ ಇಲ್ಲೇ ಉಳಿಯಿತು. 2017ರಲ್ಲಿ ಹೊಸ ಕುದುರೆ ಬಂತು, ಮೇಲೆ ಸವಾರ ಇಲ್ಲ. ನನಗೆ ಆ ಬರೀ ಬೆನ್ನು ಭಾಳ ಇಷ್ಟ.)

ಇನ್ನು ಕೆ.ಎಚ್. ಆರಾ ಅವರ ಕಥೆ. 1947ರಲ್ಲಿ ಮುಂಬಯಿಯ ಹೊಸ ಚಿತ್ರಗಾರರು ಸೇರಿ ಶುರುಮಾಡಿದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪಿನ ಆರು ಜನರಲ್ಲಿ ಒಬ್ಬರು. ಸೋಜಾ, ರಜಾ, ಹುಸೇನ್, ಗಾಡೆ, ಬಾಕ್ರೆ ಉಳಿದವರು. ಹೈದರಾಬಾದಿನ ಕಡೆಯಿಂದ ಸಣ್ಣವರಿದ್ದಾಗ ಓಡಿಬಂದ ಆರಾ ಕಾರು ತೊಳೆದು, ಮನೆಗೆಲಸ ಮಾಡಿ ಬದುಕಿದವರು. ಟೈಮ್ಸ್ ಆಫ್ ಇಂಡಿಯಾದ ಕಲಾವಿಮರ್ಶಕ ರೂಡಿ ವಾನ್ ಲೈಡನ್ ಈ ಆರಾ ಅವರ ಕೈಚಳಕ ಗುರುತಿಸಿ ಬೆನ್ನು ತಟ್ಟಿದರು. ಎಲ್ಲ ಕಡೆ ಇದನ್ನು ಅಜ್ಜಿಕಥೆಯ ಹಾಗೆ ಹೇಳುತ್ತಾರೆ. ಆರಾ ಬರೆದ ಹೂಕುಂಡ ಕಂಡ ತಕ್ಷಣ "ನೋಡಿ, ಮನೆಗೆಲಸದ ಹುಡುಗ!" ಅಂತ ಕಣ್ಣರಳಿಸುತ್ತಾರೆ. ಆ ಹೂವುಗಳು ಎಷ್ಟು ಒರಟು, ಕುಂಡ ಎಷ್ಟು ಭಾರವಾಗಿ ಕೂತಿದೆ ಅನ್ನುವುದು ಆಮೇಲಿನ ಮಾತು. ಅನುಕಂಪ ಮೊದಲೇ ಬಂದು ಕುರ್ಚಿ ಹಿಡಿದಿರುತ್ತದೆ.

ಆರಾ ಅವರ ಹಿನ್ನೆಲೆಯನ್ನು ಇಷ್ಟು ಹೇಳುವವರು ವಾನ್ ಲೈಡನ್ ಅವರ ಹಿನ್ನೆಲೆ ಯಾಕೆ ಹೇಳುವುದಿಲ್ಲ? ಅವರು ಭೂವಿಜ್ಞಾನ ಓದಿದವರು. ಹಿಟ್ಲರನ ಜರ್ಮನಿ ಬಿಟ್ಟು ಮುಂಬಯಿಗೆ ಬಂದವರು. ಅದೇ ಕಾಲಕ್ಕೆ ವಿಯೆನ್ನಾದಿಂದ ವಾಲ್ಟರ್ ಲ್ಯಾಂಗ್‌ಹ್ಯಾಮರ್ ಬಂದರು, ಟೈಮ್ಸ್‌ನಲ್ಲಿ ಆರ್ಟ್ ಡೈರೆಕ್ಟರ್ ಆದರು. ಇಮ್ಯಾನುಯೆಲ್ ಶ್ಲೆಸಿಂಗರ್ ಬಂದರು, ಔಷಧಿ ವ್ಯಾಪಾರ ಮಾಡಿದರು, ಚಿತ್ರ ಕೊಂಡರು. ಒಬ್ಬರು ಬರೆಯುವವರು, ಒಬ್ಬರು ಕಲಿಸುವವರು, ಒಬ್ಬರು ಕೊಳ್ಳುವವರು. ಮೂವರೂ ಊರು ಬಿಟ್ಟವರು. ತಾವು ನೋಡಿ ಬೆಳೆದ ಹೊಸ ಯುರೋಪಿಯನ್ ಚಿತ್ರಕಲೆಯನ್ನು ನಾಜಿಗಳು ಹೊಲಸು ಅಂತ ಸಾರಿದ್ದನ್ನು ಕಂಡವರು. ಅಂಥವರ ಕಣ್ಣಿಗೆ ಮುಂಬಯಿಯ ಹುಡುಗರ ಒರಟು ಬಣ್ಣ ಯಾಕೆ ಅಷ್ಟು ಹಿಡಿಸಿತು ಅಂತ ಯೋಚಿಸಿದರೆ ಆ ಕಾಲದ ವಿಮರ್ಶೆ ಬೇರೆ ಥರ ಓದಿಸಿಕೊಳ್ಳುತ್ತದೆ. ಚಿತ್ರಗಾರನಿಗೆ ಮಾತ್ರ ಹಿನ್ನೆಲೆ, ಬರೆಯುವವನು ಆಕಾಶದಿಂದ ಇಳಿದವನು ಅಂತ ಯಾರು ಹೇಳಿದ್ದು?

ನನ್ನದನ್ನೂ ಹೇಳಿಬಿಡುತ್ತೇನೆ. ಆ ಗೆಳೆಯರ ಹದಿನಾಲ್ಕು ಚಿತ್ರಗಳಲ್ಲಿ ನಾಲ್ಕು ಸಪ್ಪೆಯಾಗಿದ್ದವು. ಮೆಟ್ಟಿಲಿನದೇ ಮೆಟ್ಟಿಲು. ಒಂದು ಸಲ ಚೆನ್ನಾಗಿ ಬಂದದ್ದನ್ನು ಮತ್ತೆ ಮತ್ತೆ ಮಾಡಿದ್ದರು. ನಾನು ಅದನ್ನು ಬರೆಯಲಿಲ್ಲ. ಅವರ ಮನೆಯಲ್ಲಿ ಎಷ್ಟೋ ಸಲ ಬಂಗುಡೆ ಸಾರು ಉಂಡಿದ್ದೇನೆ. ಮುಂದಿನ ಭಾನುವಾರ ಮಾಹಿಮ್‌ನ ಕರ್ನಾಟಕ ಸಂಘದಲ್ಲೋ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೋ ಮುಖಾಮುಖಿ ಆಗುತ್ತೇವೆ. ನಮ್ಮ ಕನ್ನಡದ ಬಳಗ ಇಲ್ಲಿ ಚಿಕ್ಕದು. ಆ ನಾಲ್ಕು ಚಿತ್ರಗಳ ಬಗ್ಗೆ ಬಾಯಿ ಮುಚ್ಚಿಕೊಳ್ಳಲು ನನಗೊಂದು ದೊಡ್ಡ ಮಾತು ಬೇಕಿತ್ತು. ಮುಂಬಯಿಯ ಎತ್ತರ ಸಿಕ್ಕಿತು.

ನನ್ನ ಸೋದರಮಾವ ಹದಿಮೂರನೇ ವಯಸ್ಸಿಗೆ ಇಲ್ಲಿಗೆ ಬಂದವರು. ಕೋಟೆಯ, ಅಂದರೆ ಫೋರ್ಟಿನ, ಒಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಗಲ್ಲೆಯಲ್ಲಿ ಕೂತವರು. ಚಿತ್ರಗಾರ ಸುಧೀರ್ ಪಟವರ್ಧನ್ ಅವರ ಬಗ್ಗೆ ನಾನೊಮ್ಮೆ ಮಾವನಿಗೆ ಹೇಳುತ್ತಿದ್ದೆ. ಪಟವರ್ಧನ್ 1975ರಿಂದ ಮೂವತ್ತು ವರ್ಷ ಠಾಣೆಯಲ್ಲಿ ರೇಡಿಯಾಲಜಿಸ್ಟ್ ಆಗಿದ್ದರು. ಜೊತೆಗೆ ಚಿತ್ರ ಬರೆದರು. ಕೂಲಿಯವರು, ರೈಲಿನ ಜನ, ಬೀದಿ, ಹೊಸ ಕಟ್ಟಡ. 1977ರ ಅವರ ಒಂದು ಚಿತ್ರದ ಹೆಸರು ಇರಾನಿ ರೆಸ್ಟೋರೆಂಟ್. ಹೆಸರು ಕೇಳಿದ್ದೇ ಮಾವನಿಗೆ ಬೇಜಾರಾಯಿತು. "ಅವನಿಗೆ ಉಡುಪಿ ಹೋಟೆಲು ಕಾಣಲಿಲ್ಲವಾ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ತಾವೇ ನಕ್ಕರು. "ನಮ್ಮಲ್ಲಿ ಯಾರು ಕೂತ್ಕೊಳ್ಳಲಿಕ್ಕೆ ಬಿಡ್ತಾರೆ ಮಾರಾಯ್ತಿ? ಕಾಫಿ ಮುಗಿಯುವ ಮೊದಲೇ ಬಿಲ್ಲು. ಬಿಲ್ಲಿನ ಹಿಂದೆಯೇ ಟೇಬಲ್ ಒರೆಸುವ ಹುಡುಗ. ಇರಾನಿಯಲ್ಲಾದರೆ ಒಂದು ಚಾಯ್ ಹೇಳಿ ಮಧ್ಯಾಹ್ನದವರೆಗೆ ಕೂರಬಹುದು."

ಈ ಮಾತಿನ ಮುಂದೆ ನಗರ ಮತ್ತು ಏಕಾಂತದ ಬಗ್ಗೆ ನಾನು ಓದಿದ್ದೆಲ್ಲ ಹಗುರ ಅನ್ನಿಸಿತು. ಕೂತು ನೋಡಲು ಬಿಡುವ ಜಾಗ ಬೇಕು. ಜಹಾಂಗೀರ್ ಗ್ಯಾಲರಿಯ ಓಣಿಯಂಥ ಜಾಗದಲ್ಲಿದ್ದ ಸಮೋವರ್ ಕೆಫೆ ಅಂಥದೊಂದು. 1964ರಿಂದ 2015ರ ಮಾರ್ಚ್‌ವರೆಗೆ ಇತ್ತು. ಒಳಗೆ ನೋಡಿದ ಚಿತ್ರದ ಬಗ್ಗೆ ಹೊರಗೆ ಬಂದು ಬೈದಾಡಲು ಅಲ್ಲಿ ಮೇಜು ಸಿಗುತ್ತಿತ್ತು. ಅದು ಮುಚ್ಚಿದ ಮೇಲೆ ಆ ಬೈದಾಟ ಎಲ್ಲಿ ನಡೆಯುತ್ತದೋ ನಾ ಕಾಣೆ.

ಪಟವರ್ಧನ್ ಅವರ ವಿಷಯಕ್ಕೆ ಬಂದರೆ, ಡಾಕ್ಟರು ಅನ್ನುವ ಹಿನ್ನೆಲೆ ಅವರಿಗೆ ತೊಂದರೆಯನ್ನೇ ಮಾಡಿದೆ ಅಂತ ನನ್ನ ಅನಿಸಿಕೆ. ರೇಡಿಯಾಲಜಿಸ್ಟ್ ಅಂದ ತಕ್ಷಣ ಎಲ್ಲರಿಗೂ ಎಕ್ಸ್-ರೇ ನೆನಪಾಗುತ್ತದೆ. "ಸಮಾಜದ ಒಳಗನ್ನು ಎಕ್ಸ್-ರೇ ಕಣ್ಣಲ್ಲಿ ನೋಡುತ್ತಾರೆ" ಅಂತ ನಾನೂ ಒಂದು ಕಡೆ ಬರೆದದ್ದುಂಟು. ಆದರೆ ಎಕ್ಸ್-ರೇ ಮಾಡುವುದೇನು? ಮಾಂಸವನ್ನು ದಾಟಿ ಹೋಗಿ ಎಲುಬನ್ನು ತೋರಿಸುತ್ತದೆ. ಇವರ ಎಪ್ಪತ್ತರ ದಶಕದ ಜನರಲ್ಲಿ ಇರುವುದೆಲ್ಲ ಮಾಂಸವೇ. ದಪ್ಪ ತೋಳು, ಭಾರವಾದ ಮೈ, ಮೈಗೆ ಅಂಟಿದ ಅಂಗಿ. ಕ್ಲಿನಿಕ್ಕಿನ ಯಂತ್ರ ಯಾವುದನ್ನು ದಾಟಿ ಹೋಗುತ್ತಿತ್ತೋ ಅದನ್ನೇ ಅವರು ಮನೆಗೆ ಬಂದು ಕೂತು ಬರೆದ ಹಾಗಿದೆ. ಕ್ಲಿನಿಕ್ಕಿನಿಂದ ಅವರಿಗೆ ಸಿಕ್ಕಿದ್ದು ಯಂತ್ರಕ್ಕಿಂತ ಹೊರಗಿನ ಬೆಂಚು ಇರಬೇಕು. ತಮ್ಮ ಸರದಿಗೆ ಕಾಯುತ್ತಾ, ಮಾಡಲು ಏನೂ ಇಲ್ಲದೆ, ತಮ್ಮ ಮೈಯನ್ನೇ ಹೊತ್ತುಕೊಂಡು ಕೂತ ಜನ. 2019ರ ಕೊನೆಯಲ್ಲಿ ಇಲ್ಲಿನ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅವರ ದೊಡ್ಡ ಪ್ರದರ್ಶನ ನಡೆಯಿತು. ನ್ಯಾನ್ಸಿ ಅಡಜಾನಿಯಾ ಅದನ್ನು ರೂಪಿಸಿದ್ದರು. ಒಬ್ಬರ ಅಷ್ಟು ವರ್ಷದ ಕೆಲಸ ಒಟ್ಟಿಗೆ ಇಟ್ಟಾಗ ಒಂದು ಚಿತ್ರಕ್ಕೆ ಇನ್ನೊಂದು ಚಿತ್ರವೇ ಹಿನ್ನೆಲೆ ಆಗುತ್ತದೆ. ಅದಕ್ಕಿಂತ ಒಳ್ಳೆಯ ಹಿನ್ನೆಲೆ ಬೇರೆ ಇಲ್ಲ.

ಕೆಲವು ಸಲ ಮಾತ್ರ ಹೊರಗಿನ ಸುದ್ದಿ ಇಲ್ಲದೆ ಆಗುವುದೇ ಇಲ್ಲ. ಅವರದೇ 2001ರ ಚಿತ್ರ ಲೋವರ್ ಪರೇಲ್. ಇಂದಿನ ಹುಡುಗರಿಗೆ ಲೋವರ್ ಪರೇಲ್ ಅಂದರೆ ಮಾಲು, ಆಫೀಸು. ಮೊದಲು ಅದು ಬಟ್ಟೆ ಗಿರಣಿಗಳ ಜಾಗ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಗೆ ಬಂದದ್ದು, ಬಹಳ ಗಿರಣಿಗಳು ಮತ್ತೆ ಮೊದಲಿನ ಹಾಗೆ ನಡೆಯದೇ ಹೋದದ್ದು ಗೊತ್ತಿಲ್ಲದಿದ್ದರೆ ಆ ಹೆಸರಿನಲ್ಲಿ ಗಾಯ ಇದೆ ಅಂತ ತಿಳಿಯುವುದು ಹೇಗೆ? ಮಾವ ಆ ಮುಷ್ಕರವನ್ನು ದೋಸೆ ಹಿಟ್ಟಿನ ಲೆಕ್ಕದಲ್ಲಿ ನೆನಪಿಟ್ಟಿದ್ದಾರೆ. ಪರೇಲಿನಲ್ಲಿ ಅವರ ಊರಿನವರೊಬ್ಬರ ಹೋಟೆಲಿತ್ತು. ಪಾಳಿ ಬಿಡುವ ಹೊತ್ತಿಗೆ ಅಂತ ರುಬ್ಬುತ್ತಿದ್ದ ಹಿಟ್ಟು ಮೊದಲು ಅರ್ಧಕ್ಕೆ ಇಳಿಯಿತಂತೆ, ಆಮೇಲೆ ಕಾಲಿಗೆ. ಒಂದು ದಿನ ರುಬ್ಬುವ ಹುಡುಗನನ್ನೇ ಊರಿಗೆ ಕಳಿಸಿದರಂತೆ.

ಗೆಳೆಯರ ಸುದ್ದಿಗೆ ವಾಪಸ್ ಬರುತ್ತೇನೆ. ಅವರು ಈಗ ನಿವೃತ್ತರು. ಬದ್ಲಾಪುರದಲ್ಲಿ ಸ್ವಲ್ಪ ದೊಡ್ಡ ಮನೆ ಮಾಡಿದ್ದಾರೆ. ಮಗ ದುಡಿಯುತ್ತಾನೆ. ಹೋದ ಚಳಿಗಾಲದ ಪ್ರದರ್ಶನಕ್ಕೆ ಚಿತ್ರಗಳು ಬಂದದ್ದು ಟೆಂಪೋದಲ್ಲಿ. ನಾನು ಕುತೂಹಲದಿಂದ ಹೋದೆ. ಲಗೇಜ್ ಡಬ್ಬದ ಕಾರಣ ಹೋದ ಮೇಲೆ ಚಿತ್ರ ಎಷ್ಟು ಅಗಲವಾಗಿರಬಹುದು?

ಅದೇ ಅಳತೆ. ಗೇಣು ಹಾಕಿ ನೋಡಿದೆ. ಎರಡಡಿಗೆ ಒಂದು ಬೆರಳು ಕಡಿಮೆ.

ಕೇಳಿದೆ. "ನಾನೂ ನೋಡಿದೆ ಮಾರಾಯ್ರೆ" ಅಂದರು. "ನಾಲ್ಕಡಿ ಅಗಲದ್ದು ಒಂದು ಮಾಡಿದೆ. ಎರಡು ತಿಂಗಳು ಗುದ್ದಾಡಿದೆ. ಕೊನೆಗೆ ನೋಡಿದರೆ ಅದರೊಳಗೆ ಎರಡು ಚಿತ್ರ ಉಂಟು. ನಡುವೆ ಒಂದು ಸಂದಿ. ಗರಗಸ ತಂದು ಕೊಯ್ಯುವುದೊಂದು ಬಾಕಿ."

ಈ ಸಲದ ಚಿತ್ರಗಳಲ್ಲಿ ಮೆಟ್ಟಿಲುಗಳು ಕಡಿಮೆ. ಒಂದರಲ್ಲಿ ಅಡಿಯಿಂದ ಮುಡಿಯವರೆಗೆ ಬರೀ ಗೋಡೆ, ಪಾಚಿ ಹಿಡಿದ ಹಸಿರು. ತೀರಾ ಮೇಲೆ, ಕತ್ತು ಎತ್ತಿದರೆ ಮಾತ್ರ ಕಾಣುವ ಹಾಗೆ, ಒಂದು ಕೈ ಬಟ್ಟೆ ಹಿಂಡುತ್ತಿದೆ. ನೀರು ಕೆಳಗೆ ಇಳಿಯುತ್ತಾ ಇಳಿಯುತ್ತಾ ನಮ್ಮ ಮೊಣಕಾಲಿನ ಹತ್ತಿರ ಬಂದು ಒಣಗಿಹೋಗುತ್ತದೆ. ಇದನ್ನು ಅಗಲವಾಗಿ ಬರೆದಿದ್ದರೆ ಆ ನೀರಿಗೆ ಅಷ್ಟು ದಾರಿ ಇರುತ್ತಿರಲಿಲ್ಲ. ರೈಲು ಆ ಅಳತೆ ಕೊಟ್ಟಿತ್ತು, ಸರಿ. ಇಷ್ಟು ವರ್ಷ ಆ ಅಳತೆಯೊಳಗೆ ಕೆಲಸ ಮಾಡಿ ಮಾಡಿ ಅವರು ಈ ನೀರಿನವರೆಗೆ ಬಂದಿದ್ದಾರೆ. ಇದನ್ನು ರೈಲು ಕೊಡಲಿಲ್ಲ. ಎರಡು ಚಿತ್ರ ಈಗಲೂ ಸಪ್ಪೆ. ಈ ಸಲ ಅದನ್ನು ಅವರ ಮುಖಕ್ಕೇ ಹೇಳಿದೆ. ಯಾವ ಎರಡು ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಸೋಮವಾರ ಸಂಜೆ ಇಳಿಸುವ ಹೊತ್ತಿಗೆ ನಾನೂ ಇದ್ದೆ. ಹಳೆ ಚಾದರಗಳು, ಸುತಳಿ, ಕತ್ತರಿ. ಮಂಗಳವಾರದಿಂದ ಆ ಗೋಡೆ ಪಡೆದಿದ್ದ ಹುಡುಗ ಆಗಲೇ ಬಂದು ಬಾಗಿಲಲ್ಲಿ ಕಾಯುತ್ತಿದ್ದ. ಅವನ ಹಿಂದೆ ಇಬ್ಬರು ಆಳುಗಳು ಆರೇಳು ಅಡಿ ಅಗಲದ ಒಂದು ಕ್ಯಾನ್ವಾಸನ್ನು ಓರೆ ಮಾಡಿ, ತಿರುಗಿಸಿ, ಮತ್ತೆ ಓರೆ ಮಾಡಿ ಒಳಗೆ ತರುತ್ತಿದ್ದರು. ಗೆಳೆಯರು ಕೈಯಲ್ಲಿದ್ದ ಸುತಳಿ ಕೆಳಗಿಟ್ಟು ಹತ್ತಿರ ಹೋದರು. ಅದರಲ್ಲಿ ಏನು ಬರೆದಿದೆ ಅಂತ ನೋಡುವ ಮೊದಲೇ ಅಂಚನ್ನು ಮುಟ್ಟಿ ಹಿಂದಿಯಲ್ಲಿ ಕೇಳಿದರು.

"ಇದನ್ನ ಹೇಗೆ ತಂದ್ರಿ?"